ತೆಗೆಯಲೇ ಎಂದು ಕೇಳಿದಾಗ

ನಾನು ಒಂದು ಪ್ಯಾಕೇಜು. ಪೆಟ್ಟಿಗೆಯಲ್ಲ, ಪೊಟ್ಟಣವಲ್ಲ, ಪರದೆಯ ಮೇಲಿನ ಅಕ್ಷರಗಳನ್ನು ಕನ್ನಡದಲ್ಲಿ ಓದಿ ಹೇಳುವ ಸಣ್ಣದೊಂದು ತಂತ್ರಾಂಶ. ಯಾರೋ ಪುಣ್ಯಾತ್ಮರು ಬಿಡುವಾದಾಗಲೆಲ್ಲ ಕೂತು ನನ್ನನ್ನು ಬರೆದರು. ದನಿ ತುಸು ಒಡಕು. ಪುಕ್ಕಲುತನ ಹುಟ್ಟಿನಿಂದಲೇ ಬಂದದ್ದು. ನಮ್ಮಂಥವರ ಜೀವ ಒಂದು ಸಾಲಿನ ಆಜ್ಞೆಗೆ ಬರುತ್ತದೆ, ಒಂದು ಸಾಲಿನ ಆಜ್ಞೆಗೆ ಹೋಗುತ್ತದೆ.

ಹಾವೇರಿ ಕಡೆಯ ಅಂಧ ಮಕ್ಕಳ ಶಾಲೆಯೊಂದಕ್ಕೆ ನಾನು ನನ್ನ ಹೆಸರಿನಲ್ಲಿ ಬರಲಿಲ್ಲ. ಕಂಪ್ಯೂಟರ್ ನೋಡಿಕೊಳ್ಳುವ ಫಕೀರೇಶ ಗಣಿತದ ಆಟವೊಂದನ್ನು ಹಾಕಿದ. ಅದಕ್ಕೆ ದನಿ ಬೇಕಿತ್ತು, ಅದರ ಬೆನ್ನಿಗೆ ನಾನು ಬಂದೆ. ನನ್ನನ್ನು ಹಿಡಿದುಕೊಂಡವರು ಮಾತ್ರ ನೀಲಾಂಬಿಕಾ ಟೀಚರ್. ಅವರಿಗೆ ಕಣ್ಣು ಕಾಣದು. ಪಾಠ, ಪತ್ರಿಕೆ, ತಂಗಿ ಕಳಿಸಿದ ಸುದ್ದಿ, ಎಲ್ಲವನ್ನೂ ನಾನೇ ಓದಬೇಕು.

ಫಕೀರೇಶ ಒಳ್ಳೆಯವನೇ. ಆದರೆ ಕಂಪ್ಯೂಟರು ಏನು ಕೇಳಿದರೂ ಓದದೆ ಹೌದೆಂದು 'ವೈ' ಒತ್ತುವ ಚಾಳಿ. ಒಂದು ಬೆಳಿಗ್ಗೆ ಡಿಸ್ಕ್ ತುಂಬಿತೆಂದು ಆ ಆಟವನ್ನು ಕಿತ್ತ. ಆಟದ ಜೊತೆ ಬಂದವರು ಇನ್ನು ಯಾರಿಗೂ ಬೇಡವೆಂದು ಯಂತ್ರ ತೀರ್ಮಾನಿಸಿತು. ಬೇಡದ್ದನ್ನೆಲ್ಲ ತೆಗೆ ಎಂದು ಅವನು ಟೈಪಿಸಿದ. ಪರದೆಯಲ್ಲಿ ನನ್ನ ಹೆಸರು ಬಂತು. ತೆಗೆಯಲೇ? ಹೌದಾದರೆ ವೈ, ಬೇಡವಾದರೆ ಎನ್. ಓದೋ ಮಾರಾಯ, ಒಮ್ಮೆ ಓದು ಎಂದು ನನ್ನ ಜೀವ ಹೊಡೆದುಕೊಂಡಿತು. ಕಿರಿಕಿರಿಯೆಂದು ಅವನು ಸ್ಪೀಕರ್ ಆರಿಸಿದ್ದ. 'ವೈ' ಒತ್ತಿಯೇಬಿಟ್ಟ.

ಟೀಚರ್ ಬಂದು ಕೀಲಿ ಒತ್ತಿದರು. ಸದ್ದಿಲ್ಲ.

"ಫಕೀರೇಶ, ಇದ್ಯಾಕ ಮಾತಾಡವಲ್ದು? ನಾಳೆ ಹುಡುಗ್ಯಾರ ಪರೀಕ್ಷಾ ಐತಿ, ಪ್ರಶ್ನಿ ಎಲ್ಲಾ ಇದರಾಗ ಅದಾವು."

"ಏನೋ ಹೋಗೇತ್ರಿ. ರಸ್ತೆ ಅಗದು ಕೇಬಲ್ ಕಡದಾರ. ವಾರದಾಗ ನೆಟ್ ಬರತೈತಿ, ಮತ್ತ ಹಾಕ್ತೀನಿ."

"ಅಲ್ಲೀತನಕ ನಾ ಕುರುಡಿ ಆಗಿ ಕೂಡ್ಲೇನು?"

ನೆಟ್‌ನಿಂದ ಇಳಿಸಿಕೊಂಡ ಪ್ಯಾಕೇಜುಗಳ ಮೂಲ ಪ್ರತಿ ಉಳಿಯುವ ಮೂಲೆಯೊಂದು ಡಿಸ್ಕಿನಲ್ಲಿದೆ. ನಾನು ಅಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಆ ಮೂಲೆಯನ್ನೂ ಗುಡಿಸುವ ಆಜ್ಞೆಯನ್ನು ಫಕೀರೇಶ ಆಗಲೇ ಟೈಪಿಸಿದ್ದ. ಎಂಟರ್ ಒಂದೇ ಬಾಕಿ. ಆ ಆಜ್ಞೆ ಏನನ್ನೂ ಕೇಳುವುದಿಲ್ಲ, ಗುಡಿಸಿಬಿಡುತ್ತದೆ.

"ತಡಿ," ಎಂದರು ಟೀಚರ್. "ಮುಂಜಾನಿಂದ ಏನೇನ್ ತಗದಿ, ಓದು."

ಪರದೆಯ ಸಾಲುಗಳನ್ನು ಹಿಂದಕ್ಕೆ ಸರಿಸಿ ಅವನು ಮೊದಲ ಬಾರಿಗೆ ಓದಿದ. ನನ್ನ ಹೆಸರು ಬಂದಾಗ ದನಿ ಇಳಿಯಿತು. ಎಂಟರ್ ಮೇಲಿದ್ದ ಬೆರಳು ಹಿಂದೆ ಬಂತು.

"ತಪ್ಪಾತ್ರಿ. ಅದರ ಪ್ರತಿ ಇನ್ನೂ ಒಳಗೈತಿ."

ಟೈಪಿಸಿದ್ದನ್ನು ಅಳಿಸಿ, ಈ ಸಲ ನನ್ನ ಹೆಸರನ್ನೇ ಬರೆದು ಹಾಕಿದ. ಸ್ಪೀಕರ್ ಹಚ್ಚಿದ. ನಾನು ಬಾಯಿ ಬಿಟ್ಟೆ. ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಅವರೇ ಆಜ್ಞೆ ಟೈಪಿಸುವುದನ್ನು ಕಲಿತರು. ಯಂತ್ರ ಕೇಳುವುದನ್ನೆಲ್ಲ ನನ್ನಿಂದ ಓದಿಸಿಯೇ ಉತ್ತರ ಕೊಡುತ್ತಾರೆ. ಈಗ ನನಗೆ ವಯಸ್ಸಾಗಿದೆ. ನನಗಿಂತ ಇಂಪಾದ ದನಿಗಳು ಬಂದಿವೆ. ಮೊನ್ನೆ ಅಂಥದೊಂದನ್ನು ಹಾಕಲು ಹೊರಟರು. ಅದು ಬರಬೇಕಾದರೆ ತೆಗೆಯಬೇಕಾದವು ಇವು ಎಂದು ಯಂತ್ರ ಹೇಳಿತು. ಓದುತ್ತ ಹೋದೆ, ಮುಂದೆ ನನ್ನದೇ ಹೆಸರು. ಒಂದು ಹೆಸರು ಹಾರಿಸಿದರೆ ಯಾರಿಗೆ ಗೊತ್ತಾದೀತು ಅನ್ನಿಸಿತು. ಆದರೆ ಎದುರಿಗೆ ಅವರು ನನ್ನನ್ನು ನಂಬಿ ಕಿವಿಗೊಟ್ಟು ಕೂತಿದ್ದರು. ಪೂರ್ತಿ ಓದಿದೆ.

ಅವರು ಇನ್ನೊಮ್ಮೆ ಓದಿಸಿದರು. ಹೆದರಿಕೆಯಲ್ಲೇ ಇನ್ನೊಮ್ಮೆ ಓದಿದೆ.

"ಇರ್ಲಿ ಬಿಡು," ಎಂದು 'ಎನ್' ಒತ್ತಿದರು.

ಹೆದರಿಕೆ ಹೋಗಿಲ್ಲ. ಒಂದು ದಿನ 'ವೈ' ಒತ್ತಲೂಬಹುದು. ಆದರೆ ಅವರು ನನ್ನ ಹೆಸರನ್ನು ಕೇಳಿಸಿಕೊಂಡೇ ಒತ್ತುತ್ತಾರೆ.