ಫೋಟೋಗೆ ಬಿದ್ದ ಹಾರ

ಒಗೆಯುವ ಕಲ್ಲಿನ ಮೇಲೆ ಗಂಡನ ಅಂಗಿ ಹರವಿ ಸೋಪು ಹಚ್ಚುತ್ತಿದ್ದ ಸೌಂದರ್ಯಳಿಗೆ ಒಳಗಿನಿಂದ ಅತ್ತೆ ಚೀರಿದ್ದು ಕೇಳಿಸಿತು. ಅಂಗಿಯ ಜೇಬಿನಿಂದ ಆಗಷ್ಟೇ ತೆಗೆದ ತೆಂಗಿನ ನಾರಿನ ಉಂಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಓಡಿದಳು.

ಟಿ.ವಿ.ಯಲ್ಲಿ ಹಿಂದಿನ ರಾತ್ರಿಯ ಧಾರಾವಾಹಿ ಮತ್ತೆ ಬರುತ್ತಿತ್ತು. ದೊಡ್ಡ ಮನೆಯ ಗೋಡೆಯ ಮೇಲೆ ಅವಳ ಗಂಡ ಮಹಾಂತೇಶನ ಫೋಟೋ. ಅದಕ್ಕೆ ಹಾರ, ಮುಂದೆ ದೀಪ.

"ಬದುಕಿರೋ ಮಗನಿಗೆ ಹಿಂಗಾ ಮಾಡಾದು? ಅವರ ಕೈ ಸೇದೋಗ!" ಗುರುಶಾಂತಮ್ಮ ಎದೆ ಬಡಿದುಕೊಂಡಳು. ಕಣ್ಣಿನ ಪೊರೆ ತೆಗೆಸಿಕೊಂಡ ಎರಡು ತಿಂಗಳ ಮೇಲೆ ಆಕೆ ಟಿ.ವಿ. ಮುಂದೆ ಕೂತದ್ದು ಇವತ್ತೇ.

ಮುಖಕ್ಕೆ ಅರ್ಧ ನೊರೆ ಬಳಿದುಕೊಂಡಿದ್ದ ಮಹಾಂತೇಶ ಹಜಾರದಿಂದ ಬಂದು ನಕ್ಕ. "ಅದು ಕಥೆ ಕಣವ್ವ. ಸತ್ತಿರೋದು ಅವರ ಮನೆ ಮಾವ, ನಾನಲ್ಲ."

"ಹಂಗಾರೆ ನಿನ್ ಕೆಲ್ಸ ಹೋಯ್ತೇನಪ್ಪ?"

"ಫ್ಲ್ಯಾಶ್‌ಬ್ಯಾಕ್ ಇರ್ತದೆ ಬುಡವ್ವ. ಸತ್ತೋರಿಗೇ ಕೆಲ್ಸ ಜಾಸ್ತಿ."

ಹೊನ್ನವಳ್ಳಿಯ ನಾಟಕದಲ್ಲಿ ಅವನು ಗದೆ ಹಿಡಿದು ಸಾಯುತ್ತಿದ್ದುದನ್ನು ಸೌಂದರ್ಯ ಮದುವೆಗೆ ಮೊದಲೇ ನೋಡಿದ್ದಳು. ಜನ "ಒನ್ಸ್ ಮೋರ್" ಎಂದು ಕೂಗಿದರೆ ಎದ್ದು ಧೂಳು ಕೊಡವಿಕೊಂಡು, ಅದೇ ಕಂದಪದ್ಯವನ್ನು ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯುತ್ತಿದ್ದ. ಗುರುಶಾಂತಮ್ಮ ನಾಟಕ ನಿಲ್ಲಿಸಿ ರಂಗದ ಮೇಲೆ ಹೋಗಿ ಮಗನ ಕೊರಳಿಗೆ ಕನಕಾಂಬರದ ಹಾರ ಹಾಕುತ್ತಿದ್ದಳು. ಆಮೇಲೆ ಬೆಂಗಳೂರು, ಧಾರಾವಾಹಿಯ ಮಾವನ ಪಾತ್ರ, ನಡುವೆ ನೋವಿನ ಮುಲಾಮಿನ ಒಂದು ಜಾಹೀರಾತು. ಅದರಲ್ಲಿ ಕಂಡದ್ದು ಬೆನ್ನು ಮಾತ್ರ. ಆದರೂ ಗುರುಶಾಂತಮ್ಮ ಬೀದಿಯವರನ್ನೆಲ್ಲ ಕರೆದು, "ನೋಡ್ರೇ, ನನ್ ಮಗನ ಬೆನ್ನು!" ಎಂದು ತೋರಿಸಿದ್ದಳು.

ಈಗ ವಾರವಾರವೂ ಒಗೆಯಲು ಬರುವ ಅಂಗಿಗಳಲ್ಲಿ ಮುಲಾಮಿನ ವಾಸನೆ. ಜೇಬಿನಲ್ಲಿ ನಾರು. ಬೆಂಗಳೂರಿನ ಸ್ಟುಡಿಯೋದಲ್ಲಿ ತೆಂಗಿನಕಾಯಿ ಸುಲಿಯುವವರು ಯಾರು? ದಂಡಿನಶಿವರದ ಕಡೆ ಕಾಯಿ ಮಂಡಿಗಳಲ್ಲಿ ಸುಲಿಯಲು ಆಳು ಸಾಲದೆಂದು ಅವಳಿಗೆ ಗೊತ್ತಿತ್ತು. ಕೇಳಿರಲಿಲ್ಲ. ಕೇಳಿದರೆ, ಸೋಮವಾರ ಇಸ್ತ್ರಿ ಅಂಗಿ ತೊಟ್ಟು, ಕನ್ನಡಿಯ ಮುಂದೆ ಕ್ರಾಪು ತೀಡಿಕೊಂಡು ಹೊರಡುವಾಗ ಅವನ ಮುಖದಲ್ಲಿ ಉಳಿಯುತ್ತಿದ್ದ ಅಷ್ಟಿಷ್ಟು ಕಳೆಯೂ ಹೋಗಿಬಿಡುತ್ತದೆಂದು ಅವಳ ಭಯ.

ಅತ್ತೆ ಬಿಡಲಿಲ್ಲ. ಮುಖ ತೊಳೆದು ಬಂದ ಮಗನನ್ನು ಹೊಸ್ತಿಲ ಮೇಲೆ ಕೂರಿಸಿ, ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೂರು ಸಲ ನಿವಾಳಿಸಿದಳು. ಕೂರುವಾಗ ಅವನು ಸೊಂಟ ಹಿಡಿದುಕೊಂಡ.

"ಯಾಕ್ಲಾ ಮುಷ್ಟಿ ಕಟ್ಕಂಡಿದೀಯಾ? ಅಂಗೈ ಬಿಚ್ಚಪ್ಪ."

"ಬಸ್ಸಿಗೆ ಹೊತ್ತಾಯ್ತವ್ವ," ಎಂದನೇ ಹೊರತು ಬಿಚ್ಚಲಿಲ್ಲ.

ಗುರುಶಾಂತಮ್ಮ ಮೆಣಸಿನಕಾಯಿಯನ್ನು ಬಚ್ಚಲ ಒಲೆಗೆ ಹಾಕಿ ಮೂಸಿದಳು. "ಘಾಟೇ ಇಲ್ಲ ನೋಡೇ ಸೌಂದರ್ಯ! ಎಷ್ಟು ದೃಷ್ಟಿ ತಗುಲೈತೆ ನನ್ ಮಗಂಗೆ!"

"ಹೂಂ ಅತ್ತೆ," ಎಂದು ಸೌಂದರ್ಯ ಮುಷ್ಟಿಯಲ್ಲಿದ್ದ ನಾರನ್ನೂ ಅದೇ ಬೆಂಕಿಗೆ ಹಾಕಿದಳು. ಭಗ್ಗೆಂದು ಹತ್ತಿಕೊಂಡಿತು. ತಲೆಯೆತ್ತಿದರೆ ಮಹಾಂತೇಶ ನೋಡುತ್ತಿದ್ದ.

ಸ್ಕೂಲಿನ ಯೂನಿಫಾರ್ಮ್ ತೊಟ್ಟಿದ್ದ ಮಗಳು ನಿಸರ್ಗ, ಎಂದಿನಂತೆ ಅಪ್ಪನ ಬ್ಯಾಗು ಹೊತ್ತು ಗೇಟಿನ ತನಕ ಹೋದಳು. ಅವನು ಬ್ಯಾಗಿಗೆ ಕೈ ಚಾಚಿದ. ಮಗು ಬ್ಯಾಗು ಕೊಡುವ ಬದಲು ಆ ಅಂಗೈಯನ್ನು ನೋಡಿತು. ಬೊಬ್ಬೆ ಒಡೆದು ಚರ್ಮ ಕಪ್ಪಿಟ್ಟಿತ್ತು. ಅದನ್ನು ತನ್ನ ಬೆರಳಿಂದ ಮೆಲ್ಲಗೆ ಮುಟ್ಟಿತು.

"ಶೂಟಿಂಗ್ ಮುಗಿಸ್ಕಂಡು ಶನಿವಾರ ಬತ್ತೀನಿ ಕಣಮ್ಮ. ಕೊಡು."

ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ನಿಸರ್ಗ ಬ್ಯಾಗಿನ ಪಟ್ಟಿ ಬಿಡಲಿಲ್ಲ.

"ಅಪ್ಪಾ, ಟಿ.ವಿ.ಲಿ ನೀನು ದಸರಾ ರಜಕ್ಕೆ ಮುಂಚೆನೇ ಸತ್ತೋದೆ. ಸೋಮವಾರ ಸೋಮವಾರ ಎಲ್ಲಿಗ್ ಹೋಯ್ತೀಯಾ?"