ಬೆಳ್ಳಿಯ ಹೆಂಡತಿ

“ಕೊರಳಾಗಿನ ಬಿಲ್ಲಿ ತಗೀ ಅಂದ್ರ ತಗೀ. ಇಷ್ಟು ಮಂದಿ ಮುಂದ ರಂಪ ಮಾಡಬ್ಯಾಡ,” ಎಂದಳು ಭೂರೀಬಾಯಿ.

“ಇಪ್ಪತ್ತೊಂದು ವರ್ಷ ಇದಕ್ಕ ಉಣಿಸಿ ಆಮ್ಯಾಲ ನಾ ಉಂಡೀನಿ, ಬಾಯಿಸಾ. ಇವತ್ತು ನನ್ನ ಜಾಗಾದಾಗ ಇದು ಕುಂದರ್ತೈತೇನು?” ಎಂದಳು ಧಾಪು.

ಪುಷ್ಕರದ ಕೆರೆಯ ಮೆಟ್ಟಿಲ ಮೇಲೆ ಅಕ್ಕ ಭೂರೀಬಾಯಿಗೂ ಹೆಂಡತಿ ಧಾಪುವಿಗೂ ನಡುವೆ ನಿಂತು ಛೋಗಾಲಾಲ್ ನೀರು ನೋಡುತ್ತಿದ್ದ. ಮಗ ನರಸಿಯ ಮದುವೆಯಾಗಿ ಒಂಬತ್ತು ದಿನ. ಹೊಸ ಜೋಡಿಯನ್ನು ಕೆರೆಗೂ ಗುಡ್ಡದ ಮೇಲಿನ ಸಾವಿತ್ರಿಗೂ ಕರೆತಂದು, ಹರಕೆ ಒಪ್ಪಿಸಿ, ಮಧ್ಯಾಹ್ನಕ್ಕೆಲ್ಲ ತಮ್ಮೂರು ಕಿಶನ್‌ಗಢ ಮುಟ್ಟಬೇಕೆಂದು ಜೀಪು ಮಾಡಿಕೊಂಡು ಬಂದಿದ್ದರು. ವರನ ತಂದೆತಾಯಿ ಸೆರಗಿಗೆ ಸೆರಗು ಗಂಟು ಹಾಕಿಕೊಂಡು ಪೂಜೆಗೆ ಕೂರಬೇಕು. ಅದಕ್ಕೆಂದೇ ಧಾಪು ಹೊಸ ಓಢಣಿ ಹೊದ್ದು ಬಂದಿದ್ದಳು.

ಕೆರೆಯ ಪುರೋಹಿತ ಪಂಡಾ ವಾಡಿಕೆಯಂತೆ ಕೇಳಿದ್ದ: ವರನ ತಾಯಿ ಅಗ್ನಿ ಸುತ್ತಿ ಬಂದವಳೋ, ನಾತಾದವಳೋ? ಛೋಗಾಲಾಲ್ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನಾತಾ ಎಂದುಬಿಟ್ಟಳು. ಧಾಪು ಮೊದಲ ಗಂಡ ಸತ್ತವಳು, ಓಢಣಿ ಹೊದಿಸಿ ಕೂಡಿಕೆ ಮಾಡಿಕೊಂಡು ಕರೆತಂದದ್ದಷ್ಟೇ. ಹೆಣ್ಣು ಎರಡನೆಯ ಸಲ ಅಗ್ನಿ ಸುತ್ತುವುದಿಲ್ಲ. ನರಸಿಯನ್ನು ಎಂಟು ತಿಂಗಳ ಕೂಸಾಗಿ ಬಿಟ್ಟು ಸತ್ತ ಮೊದಲ ಹೆಂಡತಿ ಮುನಿಯಬಾರದೆಂದು, ಅವಳ ರೂಪ ಅಚ್ಚೊತ್ತಿಸಿದ ಬೆಳ್ಳಿ ಬಿಲ್ಲೆಯನ್ನು ಬಂದ ದಿನವೇ ಧಾಪುವಿನ ಕೊರಳಿಗೆ ಕಟ್ಟಿದ್ದರು. ಹೊಸ ಬಟ್ಟೆ ಮೊದಲು ಅದಕ್ಕೆ ಮುಟ್ಟಿಸಬೇಕು, ತುತ್ತು ಮೊದಲು ಅದಕ್ಕೆ ತೋರಿಸಬೇಕು. ಈಗ ಪಂಡಾ, ಅಗ್ನಿ ಸುತ್ತಿದವಳು ಆ ಬಿಲ್ಲೆಯಲ್ಲಿದ್ದಾಳಲ್ಲ, ಅವಳನ್ನೇ ಮಣೆಯ ಮೇಲೆ ಕೂರಿಸಿ ಎಂದಿದ್ದ.

ಹತ್ತು ನಿಮಿಷದ ಕೆಲಸ, ಬಿಟ್ಟುಬಿಡು ಅವ್ವಾ ಎಂದು ನರಸಿ ಗೊಣಗಿದ. ಧಾಪು ಅವನತ್ತ ನೋಡಲಿಲ್ಲ. ಗಂಡನ ಕಡೆ ತಿರುಗಿದಳು.

“ನೀವು ಹೇಳ್ರಿ. ‘ಇಕೀನ ಕುಂದರ್ತಾಳ’ ಅಂತ ಒಂದು ಮಾತು ಅಂದ್ರ ಈ ಪಂಡಾ ಏನು ನೀರಿಗೆ ಹಾರ್ಕೋತಾನೇನು?”

ಪಕ್ಕದ ಮೆಟ್ಟಿಲಲ್ಲಿ ಯಾರೋ ಕಿಸಕ್ಕೆಂದರು. ಛೋಗಾಲಾಲ್ ರುಮಾಲು ಸರಿಮಾಡಿಕೊಂಡ.

“ಬಿಸಲು ಏರಾಕ ಹತ್ತೈತಿ,” ಎಂದ.

ಧಾಪು ಬಿಲ್ಲೆಯ ದಾರ ಬಿಚ್ಚಿ ಮಣೆಯ ಮೇಲಿಟ್ಟಳು. ಪಂಡಾ ಛೋಗಾಲಾಲನ ಶಲ್ಯದ ತುದಿಯನ್ನು ಅದಕ್ಕೆ ಗಂಟು ಹಾಕಿದ. ಪೂಜೆ ಮುಗಿಯುವವರೆಗೂ ಧಾಪು ಮೇಲಿನ ಮೆಟ್ಟಿಲಲ್ಲಿ ಎಲ್ಲರ ಚಪ್ಪಲಿ ಕಾಯುತ್ತ ಕೂತಿದ್ದಳು. ಕಾಯಲು ಹೇಳಿದವಳು ಭೂರೀಬಾಯಿ.

ಗುಡ್ಡವನ್ನು ಧಾಪು ಎಲ್ಲರಿಗಿಂತ ಮೊದಲು, ಎಲ್ಲಿಯೂ ಕೂರದೆ ಹತ್ತಿದಳು. ಅಲ್ಲಿಯ ಸಾವಿತ್ರಿ, ತಾನು ಬರುವುದು ತಡವಾಯಿತೆಂದು ಗಂಡ ಯಜ್ಞದಲ್ಲಿ ಪಕ್ಕಕ್ಕೆ ಬೇರೊಬ್ಬಳನ್ನು ಕೂರಿಸಿಕೊಂಡಾಗ ಸಿಟ್ಟಾಗಿ ಗುಡ್ಡ ಸೇರಿದ ದೇವಿ. ಅವಳ ಮುಂದೆ ಬಳೆ, ಗೋರಂಟಿ ಇಟ್ಟು ಸೊಸೆಗೆ ಮುತ್ತೈದೆತನ ಬೇಡಿದರು. ಹೊರಗೆ ಬಂದ ಮೇಲೆ ಭೂರೀಬಾಯಿ ಬಿಲ್ಲೆಯನ್ನು ಚಾಚಿ, ಆಯಿತಲ್ಲ, ಇನ್ನು ಹಾಕಿಕೋ ಎಂದಳು.

ಧಾಪು ಕೈ ಹಿಂದಕ್ಕೆ ಕಟ್ಟಿಕೊಂಡಳು. “ಯಾಕ, ಅಕೀನ ಮನಿಗೆ ಕರ್ಕೊಂಡು ಹೋಗ್ರಿ. ಸಂಜಿಗೆ ರೊಟ್ಟಿ ಬಡೀತಾಳ, ಎಮ್ಮಿ ಹಿಂಡತಾಳ, ನಿಮ್ಮ ತಮ್ಮನ ಕಾಲೂ ಒತ್ತತಾಳ.”

ಸೊಸೆಯ ತಲೆ ಮುಟ್ಟಿದಳು. ಆಮೇಲೆ ಗಂಡನಿಗೆ, ಸಂತೆಯ ಮಾತು ಹೇಳುವವಳ ಹಾಗೆ, “ಬರುವಾಗ ಬೆಂಕಿ ಸುತ್ತಿಲ್ಲ. ಹೋಗಾಕ ಯಾರನ್ನ ಕೇಳಬೇಕು?” ಎಂದು ಮೆಟ್ಟಿಲು ಇಳಿದಳು.

ಛೋಗಾಲಾಲ್ ಕರೆಯಲಿಲ್ಲ. ಸಿಟ್ಟು ಇಳಿದ ಮೇಲೆ ಜೀಪಿನಲ್ಲಿ ಹೋಗಿ ಕೂರುತ್ತಾಳೆಂದುಕೊಂಡ. ತವರಿನಲ್ಲಿ ಯಾರಿದ್ದಾರೆ, ಎಲ್ಲಿಗೆ ಹೋದಾಳು ಎಂದಳು ಅಕ್ಕ. ಅವರು ನಿಧಾನವಾಗಿ ಪ್ರಸಾದ ತಿಂದು ಇಳಿದರು.

ಜೀಪಿನಲ್ಲಿ ಧಾಪು ಇರಲಿಲ್ಲ. ಹೊಸ ಓಢಣಿಯ ಹೆಂಗಸೊಬ್ಬಳು ಕಿಶನ್‌ಗಢದ ಕಡೆ ಹೋಗದ ಮೇಡತಾ ಬಸ್ಸು ಹತ್ತಿದಳೆಂದು ಚಹಾದವನು ಹೇಳಿದ. ಒಂದು ತಾಸು ಕಾದರು. ಡ್ರೈವರ್ ತನಗೆ ಮಧ್ಯಾಹ್ನ ಬೇರೆ ಬಾಡಿಗೆ ಇದೆಯೆಂದು ಗೊಣಗಿ ಗಾಡಿ ಚಾಲೂ ಮಾಡಿದ.

ಖಾಲಿ ಸೀಟಿನ ಮೇಲೆ ಭೂರೀಬಾಯಿ ಪ್ರಸಾದದ ಬುಟ್ಟಿ ಇಟ್ಟಳು. ಅಜ್ಮೇರದ ಕಡೆಯ ಇಳಿಜಾರಿನ ತಿರುವುಗಳಲ್ಲಿ ಅದು ಉರುಳದಂತೆ ಛೋಗಾಲಾಲ್ ಒಂದು ಕೈಯಿಂದ ಹಿಡಿದುಕೊಂಡ.