ನೇಕಾರರ ಗುಡ್ಡದ ಮೇಲೊಂದು ಊಟ

ಡಾಕ್ಟರ್ ಗುರುಸಿದ್ದಪ್ಪನವರು ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಜನರ ಮುರಿದ ಮೂಳೆ ಕೂಡಿಸಿದವರು. ಕೈ ಬಹಳ ಒಳ್ಳೆಯದು. ಬಾಯಿ ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವಂಥದ್ದು. ಒಬ್ಬಳೇ ಮಗಳು ಮಧುರಾ ಶೆಫೀಲ್ಡ್ ಯೂನಿವರ್ಸಿಟಿಯಲ್ಲಿ ಫ್ರೆಂಚ್ ಓದಲು ಸೇರಿದ ದಿನದಿಂದ ಆ ಬಾಯಿಗೆ ಒಂದು ಸುಳ್ಳೂ ರೂಢಿಯಾಗಿತ್ತು. 1999ರ ಯುಗಾದಿಗೆ ಬರ್ಮಿಂಗ್‌ಹ್ಯಾಮಿನ ಒಂದು ಶಾಲೆಯ ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದಾಗ, ಮಕ್ಕಳ ಡಾಕ್ಟರ್ ದತ್ತಾತ್ರೇಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಕೇಳಿದರು.

"ಮಗಳು ಏನು ಓದ್ತಿದಾಳೆ ಸರ್?"

"ಲಾ," ಅಂದುಬಿಟ್ಟರು ಗುರುಸಿದ್ದಪ್ಪ.

ಪಕ್ಕದಲ್ಲಿದ್ದ ಹೆಂಡತಿ ನೀರಜಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಕಾರು ಹತ್ತಿದ ಮೇಲೆ ಕೇಳಿದರು.

"ಲಾ ಯಾವಾಗ ಸೇರಿದ್ಲ್ರಿ ಆಕಿ?"

"ಸೇರತಾಳ. ಡಿಗ್ರಿ ಮುಗದ ಮ್ಯಾಲ ಒಂದ ವರ್ಷದ ಕೋರ್ಸ್ ಐತಿ. ಮಾಡಿದ್ರ ಆತು."

ಮಾಡುವವಳ ಮನಸ್ಸು ಬೇರೆಯೇ ಇತ್ತು. ಫ್ರೆಂಚ್ ಓದುವವರು ಮೂರನೆಯ ವರ್ಷ ಫ್ರಾನ್ಸಿನಲ್ಲೇ ಇರಬೇಕು. ಮಧುರಾ ಲಿಯಾನ್ ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಯುಗಾದಿಯ ಮಾರನೆಯ ದಿನ ಫೋನ್ ಮಾಡಿ, ಡಿಗ್ರಿ ಮುಗಿಸಿ ಮತ್ತೆ ಲಿಯಾನಿಗೇ ಬರುತ್ತೇನೆ, ಇಂಟರ್‌ಪ್ರಿಟರ್ ಕೋರ್ಸಿಗೆ ಸೇರುತ್ತೇನೆ ಅಂದಳು. ಅವಳು ಹುಟ್ಟಿ ಬೆಳೆದದ್ದು ವುಲ್ವರ್‌ಹ್ಯಾಂಪ್ಟನ್ನಿನಲ್ಲಿ. ಮನೆಯಲ್ಲಿ ಆಡುವ ಕನ್ನಡವೆಲ್ಲ ಅವಳ ಕಿವಿಗೆ ಹೋಗುತ್ತಿತ್ತು, ಬಾಯಿಂದ ಇಂಗ್ಲಿಷೇ ಬರುತ್ತಿತ್ತು.

"ಒಬ್ಬರು ಆಡಿದ್ದನ್ನ ಇನ್ನೊಬ್ಬರಿಗೆ ಹೇಳೂದು ಒಂದು ಕೆಲಸಾ?" ಅಂದರು ಅಪ್ಪ. "ಆ ದೇಶದಾಗ ಒಂದು ಬಿಸಿ ತುತ್ತು ಹುಟ್ಟೂದಿಲ್ಲ. ಪ್ಯಾರಿಸ್‌ನಾಗ ಮೂರು ದಿನ ಬಾಳಿಹಣ್ಣು ತಿಂದಿದ್ದು ಮರತಿಯೇನು?"

"ಆಗ ನಮ್ಮಲ್ಲಿ ಯಾರಿಗೂ ಫ್ರೆಂಚ್ ಬರ್ತಿರಲಿಲ್ಲ," ಅಂದಳು ಮಗಳು ಇಂಗ್ಲಿಷಿನಲ್ಲಿ.

"ಈಗ ನಿನಗ ಬರತೈತಲ್ಲ? ಹಂಗಾದ್ರ ನಾವು ಅಲ್ಲಿಗೆ ಬರ್ತೀವಿ, ನಾಲ್ಕು ದಿನ ನಮಗ ಉಣ್ಣಾಕ ಹಾಕು. ಮಾಂಸ ಇಲ್ಲ, ಮೀನಿಲ್ಲ, ತತ್ತಿ ಇಲ್ಲ. ಬಿಸಿ ಇರಬೇಕು. ದೊಡ್ಡ ಹೋಟೆಲಿನ ಡೌಲು ಬ್ಯಾಡ, ಸಾದಾ ಊಟ. ಒಂದು ಹೊತ್ತು ತಪ್ಪಿದ್ರೂ ಲಾ ಓದಬೇಕು."

"ಆಯ್ತು. ಆದರೆ ಮನೆಯಿಂದ ಏನೂ ತರಬಾರದು," ಅಂದಳು ಮಧುರಾ.

ಮೇ ತಿಂಗಳ ಬ್ಯಾಂಕ್ ಹಾಲಿಡೇ ಸೋಮವಾರಕ್ಕೆ ಹೊಂದಿಸಿ ಆಸ್ಪತ್ರೆಯ ಡ್ಯೂಟಿ ರೋಟಾದಲ್ಲಿ ನಾಲ್ಕು ದಿನ ಬಿಡಿಸಿಕೊಂಡು ಗುರುಸಿದ್ದಪ್ಪನವರು ಹೆಂಡತಿಯೊಡನೆ ಲಿಯಾನಿಗೆ ಹೊರಟರು. ಮಾತು ಕೊಟ್ಟದ್ದೇನೋ ಸರಿ, ಆದರೆ ಸೂಟ್‌ಕೇಸಿನ ತಳದಲ್ಲಿ ಟವೆಲ್ಲಿನೊಳಗೆ ಸುತ್ತಿದ ಸಣ್ಣ ರೈಸ್ ಕುಕ್ಕರ್ ಇತ್ತು, ಎರಡು ಸೇರು ಅಕ್ಕಿ ಇತ್ತು, ಚಟ್ನಿಪುಡಿಯ ಡಬ್ಬಿಯೂ ಇತ್ತು. ಹೆಂಡತಿಗೆ ಗೊತ್ತಿಲ್ಲ ಅಂದುಕೊಂಡಿದ್ದರು. ಮೂವತ್ತು ವರ್ಷ ಸಂಸಾರ ಮಾಡಿದವರೂ ಹೀಗೆ ಅಂದುಕೊಳ್ಳುತ್ತಾರೆ, ನೋಡಿ.

ಶುಕ್ರವಾರದ ಎರಡು ಊಟ ಪಾಸಾದವು. ಮಧ್ಯಾಹ್ನ ಮಧುರಾ ರೈಲ್ವೆ ಸ್ಟೇಷನ್ ಹಿಂದಿನ ಗಲ್ಲಿಗೆ, ಲಾರಿ ಡ್ರೈವರುಗಳು ಉಣ್ಣುವ ಒಂದು ಸಣ್ಣ ಖಾನಾವಳಿಗೆ ಕರೆದೊಯ್ದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಐದು ನಿಮಿಷ ಮಾತಾಡಿದಳು. ಅಡಿಗೆಯವನು ಹಂದಿಮಾಂಸ ಬೀಳುವುದಕ್ಕೆ ಮೊದಲೇ ತೆಗೆದಿಟ್ಟ ಮಸೂರ ಕಾಳನ್ನು ಬೆಣ್ಣೆ ಹಾಕಿ ಬಿಸಿ ಮಾಡಿ ತಂದ. ರಾತ್ರಿ ಹಾಲಿನಲ್ಲಿ ಬೇಯಿಸಿದ ಆಲೂಗಡ್ಡೆ, ಜೊತೆಗೆ ಗಜ್ಜರಿಯ ಸೂಪು. ಗುರುಸಿದ್ದಪ್ಪನವರು ಎರಡನ್ನೂ ತಟ್ಟೆ ಒರೆಸಿ ತಿಂದು, "ಉಪ್ಪು ಕಡಿಮಿ," ಅಂದರು.

ಶನಿವಾರ ಎಡವಟ್ಟಾಯಿತು. ಅಂದು ಮೇ ಒಂದು. ಇಂಗ್ಲೆಂಡಿನಲ್ಲಿ ಮೇ ತಿಂಗಳ ರಜೆ ಯಾವಾಗಲೂ ಸೋಮವಾರಕ್ಕೆ ಬರುತ್ತದೆ. ಕ್ಯಾಲೆಂಡರ್ ಏನೇ ಹೇಳಲಿ, ಸರಕಾರ ಸೋಮವಾರಕ್ಕೆ ತಳ್ಳುತ್ತದೆ. ಹಾಗೇ ಬೆಳೆದ ಮಧುರಾ, ಸೋಮವಾರ ಎಲ್ಲ ಮುಚ್ಚಿರುತ್ತದೆಂದು ಆ ದಿನದ ಊಟಕ್ಕೆ ಮೂರು ಕಡೆ ವಿಚಾರಿಸಿ ಇಟ್ಟಿದ್ದಳು, ಶನಿವಾರಕ್ಕೆ ಮಾರುಕಟ್ಟೆ ಇದೆಯಲ್ಲ ಅಂದುಕೊಂಡಿದ್ದಳು. ಫ್ರಾನ್ಸಿನವರು ಒಂದನೇ ತಾರೀಖು ಅಂದರೆ ಒಂದನೇ ತಾರೀಖೇ. ಮಾರುಕಟ್ಟೆ ಇಲ್ಲ, ಬ್ರೆಡ್ ಅಂಗಡಿ ಇಲ್ಲ, ಬಸ್ಸಿಲ್ಲ, ಮೆಟ್ರೊ ಇಲ್ಲ. ನಿನ್ನೆಯ ಖಾನಾವಳಿಗೆ ಕಬ್ಬಿಣದ ಬಾಗಿಲು ಇಳಿದಿತ್ತು. ತೆರೆದಿದ್ದ ಒಂದೆರಡು ಹೋಟೆಲುಗಳ ಬೋರ್ಡು ಓದಿ ಮಧುರಾ ತಾನೇ ತಲೆಯಾಡಿಸಿದಳು. ಆ ಊರಿನ ಹೆಮ್ಮೆಯೆಲ್ಲ ಹಂದಿಯದು, ಕರುಳಿನದು.

ಹನ್ನೆರಡೂವರೆಯಾಯಿತು. ಗುರುಸಿದ್ದಪ್ಪನವರು ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು, ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು, ಮುಖದಲ್ಲಿ ಮಾತ್ರ ಗೆದ್ದವನ ಕಳೆ.

"ಹೋಗಲಿ ಬಿಡವ್ವಾ," ಅಂದರು. "ರೂಮಿಗೆ ಹೋಗೂಣು. ಏನಾರ ವ್ಯವಸ್ಥಾ ಆಕ್ಕೈತಿ."

"ಏನ ವ್ಯವಸ್ಥಾ?" ನೀರಜಾ ತಟ್ಟನೆ ತಿರುಗಿದರು. "ಆ ಟವೆಲ್ನಾಗ ಸುತ್ತಿದ್ದಾ? ನನಗ ಗೊತ್ತಿಲ್ಲಂತ ಮಾಡೀರೇನು? ಸ್ವಂತ ಮಗಳು ಸೋಲಲಿ ಅಂತ ಕುಕ್ಕರ್ ಹೊತಗೊಂಡು ಬಂದ ಅಪ್ಪನ್ನ ನಾ ಎಲ್ಲೂ ನೋಡಿಲ್ಲ."

ಮಧುರಾ ಅಪ್ಪನನ್ನು ನೋಡಿದಳು. ಸಿಟ್ಟು ಮಾಡಿಕೊಂಡಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಗುರುಸಿದ್ದಪ್ಪನವರಿಗೆ ನಾಚಿಕೆಯಾಯಿತು. ನಾಚಿಕೆಯಾಯಿತೆಂದು ಹೇಳುವ ಜಾಯಮಾನವಲ್ಲವಾದ್ದರಿಂದ ಗಡಿಯಾರ ನೋಡಿಕೊಂಡರು.

"ಅರ್ಧ ತಾಸು ಕೊಡ್ತೀನಿ," ಅಂದರು.

ಆ ಹೊತ್ತಿನಲ್ಲಿ ಬೀದಿಯಲ್ಲಿ ಇದ್ದವರೆಂದರೆ ಹೂ ಮಾರುವವರಷ್ಟೇ. ಅಲ್ಲಿ ಮೇ ಒಂದಕ್ಕೆ ಸಣ್ಣ ಗಂಟೆಯಂಥ ಬಿಳಿ ಹೂವಿನ ಕಡ್ಡಿ ಕೊಡುವುದು ಸಂಪ್ರದಾಯ. ಮೂಲೆಯಲ್ಲಿ ಮಡಚುವ ಮೇಜು ಹಾಕಿಕೊಂಡು ಒಬ್ಬ ಮುದುಕಿ ಕೂತಿದ್ದಳು. ಮಧುರಾ ಕಣ್ಣೊರೆಸಿಕೊಂಡು ಸೀದಾ ಅವಳ ಹತ್ತಿರ ಹೋದಳು.

ಅಪ್ಪ ಹತ್ತು ಹೆಜ್ಜೆ ಹಿಂದೆ ನಿಂತು ಕೇಳಿಸಿಕೊಂಡರು. ಮಗಳ ಫ್ರೆಂಚ್ ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೆ ಅವಳು ಪುಸ್ತಕ ನೆನೆಸಿಕೊಂಡು ಮಾತಾಡುತ್ತಿಲ್ಲ ಎಂಬುದು ತಿಳಿಯಿತು. ಮುದುಕಿ ಏನೋ ಗದರಿದಳು, ಮಧುರಾ ಅದಕ್ಕಿಂತ ಜೋರಾಗಿ ಉತ್ತರ ಕೊಟ್ಟಳು, ಇಬ್ಬರೂ ನಕ್ಕರು. ಮಗಳು ಅಪ್ಪನ ಕಡೆ ಕೈ ತೋರಿಸಿದಳು, ಹೊಟ್ಟೆ ಮುಟ್ಟಿಕೊಂಡಳು, ಹೆಗಲು ಕುಣಿಸಿದಳು. ಗುರುಸಿದ್ದಪ್ಪನವರಿಗೆ ತಾಯಿ ಸಿದ್ದವ್ವ ನೆನಪಾದಳು. ಗುಳೇದಗುಡ್ಡದ ಪೇಟೆಯಲ್ಲಿ ನೂಲಿನ ಸಾಹುಕಾರನ ಮುಂದೆ ನಿಂತು ಚೌಕಾಸಿ ಮಾಡುವಾಗ ಅವಳೂ ಹೀಗೇ ಕೈ ಬೀಸುತ್ತಿದ್ದಳು. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಹುಡುಗಿ ಇದನ್ನೆಲ್ಲಿ ಕಲಿತಳೋ ಅಂದುಕೊಂಡರು.

"ಗುಡ್ಡದ ಮೇಲೆ ಅವರ ಓಣಿಯವರೆಲ್ಲ ಸೇರಿ ಊಟ ಮಾಡ್ತಾರಂತೆ. ನಮ್ಮನ್ನೂ ಬನ್ನಿ ಅಂದರು," ಅಂದಳು ಮಧುರಾ. ಮುದುಕಿ ಆಗಲೇ ಮೇಜು ಮಡಚುತ್ತಿದ್ದಳು.

ಮೆಟ್ಟಿಲು ಹತ್ತಿ ಹತ್ತಿ ಹೋದ ಮೇಲೆ ಒಂದು ಹಳೆಯ ಮನೆ. ಮೊದಲ ಮಹಡಿಯಲ್ಲಿ ಉದ್ದನೆಯ ಕೋಣೆ. ಕರಿ ತೊಲೆಗಳ ಮಾಳಿಗೆ ಎರಡಾಳಿಗೂ ಮಿಕ್ಕಿದ ಎತ್ತರದಲ್ಲಿತ್ತು. ಹಲಗೆ ಮೇಜುಗಳ ಸುತ್ತ ಇಪ್ಪತ್ತು ಜನ ಮುದುಕರು ಮುದುಕಿಯರು. ಒಲೆಯ ಮೇಲೆ ಎರಡು ಹಂಡೆ. ಒಂದರಲ್ಲಿ ಹಂದಿಯ ಸಾಸೇಜು ಕುದಿಯುತ್ತಿತ್ತು. ಮಧುರಾ ಇನ್ನೊಂದರ ಮುಚ್ಚಳ ತಾನೇ ಎತ್ತಿ ನೋಡಿದಳು, ನೀರು ಬೇರೆಯೇ, ಸೌಟು ಬೇರೆಯೇ ಅಂತ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಮೂರು ತಟ್ಟೆಗೆ ಸಿಪ್ಪೆ ಸಹಿತ ಬೇಯಿಸಿದ ಆಲೂಗಡ್ಡೆ ಬಡಿಸಿದಳು. ಹಬೆಯಾಡುತ್ತಿತ್ತು. ಜೊತೆಗೆ ಒಂದು ಬಟ್ಟಲು ಬಿಳಿಯದು: ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರಿನಂಥದ್ದು, ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ, ಹೆಚ್ಚಿದ ಹಸಿರು ಸೊಪ್ಪು ಕಲಸಿದ್ದು.

ಹಸಿವು ರುಚಿ ಅರಿಯದು ಅನ್ನುತ್ತಾರೆ. ಸುಳ್ಳು. ಗುರುಸಿದ್ದಪ್ಪನವರು ಆಲೂಗಡ್ಡೆ ಮುರಿದು ಆ ಮೊಸರಿನಲ್ಲಿ ಅದ್ದಿ ಬಾಯಿಗಿಟ್ಟರು, ಎರಡನೆಯದನ್ನೂ ಇಟ್ಟರು, ಮೂರನೆಯದಕ್ಕೆ ಕಣ್ಣು ಮುಚ್ಚಿದರು. ಉಪ್ಪಿನ ಸುದ್ದಿ ಎತ್ತಲಿಲ್ಲ.

"ಏನಂತಾರ ಇದಕ?"

"ನೇಕಾರನ ಮೆದುಳು ಅಂತ ಹೆಸರು," ಮಧುರಾ ನಕ್ಕಳು. "ಹೆದರಬೇಡಿ, ಬರೀ ಮೊಸರು. ಈ ಗುಡ್ಡದಲ್ಲಿ ಇದ್ದವರೆಲ್ಲ ರೇಷ್ಮೆ ನೇಯೋರು. ಬಡವರ ಊಟ ಇದು. ಮಾಳಿಗೆ ಅಷ್ಟು ಎತ್ತರ ಇರೋದು ಮಗ್ಗಕ್ಕಾಗಿ."

ಗುರುಸಿದ್ದಪ್ಪನವರ ಕೈ ನಿಂತಿತು. ತಲೆ ಎತ್ತಿ ಮಾಳಿಗೆ ನೋಡಿದರು. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಯಾರು ಕೇಳಿದರೂ "ನಮ್ಮದು ಬಟ್ಟೆ ಬಿಸಿನೆಸ್" ಅನ್ನುತ್ತಿದ್ದ ಮನುಷ್ಯ ಎದುರು ಕೂತಿದ್ದ ಮುದುಕನ ಕಡೆ, ಹೂವಿನಾಕೆಯ ಗಂಡನ ಕಡೆ, ತಿರುಗಿದರು. ಇಂಗ್ಲಿಷ್ ಮರೆತೇಹೋಯಿತು.

"ನಮ್ಮಪ್ಪನೂ ನೇಕಾರ ಅಂತ ಹೇಳು ಅವ್ರಿಗೆ. ಗುಳೇದಗುಡ್ಡದ ಕುಬಸದ ಖಣ ನೇಯ್ತಿದ್ದ. ನಾನೂ ಹದಿನೇಳನೇ ವರ್ಷದ ತನಕ, ಡಾಕ್ಟರಕಿ ಓದಾಕ ಹೋಗೂ ತನಕ, ನೇಯ್ದೀನಿ. ನಮ್ಮದು ಕುಣಿಮಗ್ಗ. ಕಾಲು ಕುಣಿಯಾಗ ಇಳಿಬಿಟ್ಟು ಕೂಡಬೇಕು."

ಮಧುರಾ ಹೇಳತೊಡಗಿದಳು. ಅಪ್ಪ ಕನ್ನಡದಲ್ಲಿ ಹೇಳಿದ್ದು ಇಂಗ್ಲಿಷಿನ ಮನೆಗೆ ಹೋಗದೆ ನೇರ ಫ್ರೆಂಚಿಗೆ ಹೋಯಿತು. ಮುದುಕ ಕೇಳಿದ್ದನ್ನು ಅವಳು ಅಪ್ಪನಿಗೆ ಕನ್ನಡದಲ್ಲೇ ತಿರುಗಿಸಿದಳು, ಅದೂ ಅಪ್ಪ ಅವ್ವನ ಕನ್ನಡದಲ್ಲಿ. ಲಾಳಿ ಅಂದಾಗ ಮಾತ್ರ ತಡವರಿಸಿದಳು. ಗುರುಸಿದ್ದಪ್ಪನವರು ಎಡಗೈಯಿಂದ ಬಲಗೈಗೆ ಎಸೆದು ತೋರಿಸಿದರು. ಮುದುಕ ಅದೇ ಸಮಕ್ಕೆ ತನ್ನ ಕೈಯಿಂದ ವಾಪಸ್ ಎಸೆದು ಫ್ರೆಂಚಿನಲ್ಲಿ ಅದರ ಹೆಸರು ಹೇಳಿದ. ನೀರಜಾ ಉಣ್ಣುವುದನ್ನು ಬಿಟ್ಟು ಮಗಳ ಬಾಯನ್ನೇ ನೋಡುತ್ತಿದ್ದರು. ಇಪ್ಪತ್ತೊಂದು ವರ್ಷದಲ್ಲಿ ಅವಳು ಇಷ್ಟು ಕನ್ನಡ ಆಡಿದ್ದನ್ನು ಅವರು ಕೇಳಿರಲಿಲ್ಲ.

"ನೀವು ಮಗ್ಗ ಬಿಟ್ಟು ಡಾಕ್ಟರ್ ಆಗಿದ್ದು ನಿಮ್ಮಪ್ಪಗ ಖುಷಿ ಆತೇನು ಅಂತ ಕೇಳ್ತಾರ," ಅಂದಳು ಮಧುರಾ.

ಗುರುಸಿದ್ದಪ್ಪನವರು ಕೈಯಲ್ಲಿದ್ದ ಆಲೂಗಡ್ಡೆಯನ್ನು ತಟ್ಟೆಗಿಟ್ಟರು. ಈ ಮಾತನ್ನು ಅವರು ಹೆಂಡತಿಗೆ ಒಂದೇ ಒಂದು ಸಲ ಹೇಳಿದ್ದರು, ಮಗಳಿಗೆ ಎಂದೂ ಹೇಳಿರಲಿಲ್ಲ.

"ಇಲ್ಲ ಅಂತ ಹೇಳು. ಮೆಡಿಕಲ್ ಸೀಟು ಸಿಕ್ಕ ದಿನ ತಾಟು ಸರಸಿ ಎದ್ದ ನಮ್ಮಪ್ಪ. ಮಗ್ಗ ಬಿಟ್ಟವನ ಕೈಯಾಗಿಂದು ನಾ ಉಣ್ಣೂದಿಲ್ಲ ಅಂದ. ಆಮ್ಯಾಲ ಹನ್ನೊಂದು ವರ್ಷ ಬದುಕಿದ್ದ. ನಾ ಹಾಕಿದ್ದು ಒಂದು ತುತ್ತು ಮುಟ್ಟಲಿಲ್ಲ."

"ಅಪ್ಪಾ, ನನಗ ಗೊತ್ತ ಇರಲಿಲ್ಲ."

"ಮೊದಲ ಅವ್ರಿಗೆ ಹೇಳು."

ಅವಳು ಮೆಲ್ಲನೆ ಹೇಳಿದಳು. ಮುದುಕ ಮೊಸರಿನ ಬಟ್ಟಲನ್ನು ಗುರುಸಿದ್ದಪ್ಪನವರ ಕಡೆ ಸರಿಸಿದ. ಆಮೇಲೆ ಮಧುರಾಳತ್ತ ಗದ್ದ ಎತ್ತಿ ಇನ್ನೇನೋ ಕೇಳಿದ. ಈ ಸಲ ಅವಳು ಅಪ್ಪನಿಗೆ ಹೇಳದೆ ತಾನೇ ಉತ್ತರ ಕೊಡಲು ಹೊರಟಳು.

"ಏನ ಕೇಳಿದ್ರು?" ಅಂದರು ಗುರುಸಿದ್ದಪ್ಪ.

"ಏನಿಲ್ಲ. ಮಗಳು ಮುಂದ ಏನಾಗ್ತಾಳ ಅಂತ. ನಾ ಏನಾರ ಹೇಳ್ತೀನಿ ಬಿಡ್ರಿ."

"ಬ್ಯಾಡ. ಅವ್ರು ಕೇಳಿದ್ದು ನನ್ನ. ನಾ ಹೇಳ್ತೀನಿ, ನೀ ಅದನ್ನ ಅವ್ರಿಗೆ ಮುಟ್ಟಸು. ನಿನ್ನ ಕೆಲಸ ಅಷ್ಟ." ಅವರು ಮುದುಕನನ್ನೇ ನೋಡುತ್ತ, ಒಂದೊಂದೇ ಮಾತು ಬಿಡಿಸಿ ಹೇಳಿದರು. "ಈಕಿ ನನ್ನ ಮಗಳು. ಇವತ್ತ ಈ ಊರಾಗ ಎಲ್ಲಾ ಬಾಗಲಾ ಹಾಕಿದ್ವು, ಈಕಿ ನಮಗ ಊಟಾ ಹಾಕ್ಯಾಳ. ಬರೂ ವರ್ಷ ಡಿಗ್ರಿ ಮುಗಸಿ ಇದ ಊರಿಗೆ ಬರ್ತಾಳ. ಇಂಟರ್‌ಪ್ರಿಟರ್ ಆಗ್ತಾಳ. ಯಾರು ಕೇಳಿದ್ರೂ ನಾ ಇದನ್ನ ಹೇಳ್ತೀನಿ. ಹಂಗಂತ ಹೇಳು."

ಮಧುರಾ ಬಾಯಿ ತೆರೆದಳು. ಮೂರು ಭಾಷೆಗಳಲ್ಲಿ ಒಂದೂ ಬರಲಿಲ್ಲ. ಮೇಜಿನವರೆಲ್ಲ ಕಾಯುತ್ತಿದ್ದರು. ನೀರಜಾ ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಯಾಕ ನಿಂತಿ? ಹೇಳವ್ವಾ," ಅಂದರು ಗುರುಸಿದ್ದಪ್ಪ.

ಅವಳು ಹೇಳಿದಳು. ನಡುವೆ ಎರಡು ಸಲ ನಿಂತಳು, ಮತ್ತೆ ಮುಂದುವರಿಸಿದಳು, ಒಂದು ಮಾತನ್ನೂ ಬಿಡದೆ ಮುಗಿಸಿದಳು. ಮುದುಕ ಮೇಜು ಕುಟ್ಟಿದ. ಗುರುಸಿದ್ದಪ್ಪನವರು ಖಾಲಿ ತಟ್ಟೆಯನ್ನು ಮಗಳ ಮುಂದೆ ಹಿಡಿದು, "ಇನ್ನೆರಡು ಹಾಕು," ಅಂದರು.